ಮನೆ ಬಿಟ್ಟು ಹೋದನೆಂಬ ಚೀಟಿ

ಜೋಶಿ–ಅಭ್ಯಂಕರ ಕೊಲೆ ಪ್ರಕರಣದ ಮೊದಲನೆಯ ಬಲಿ ಹೋಟೆಲಿನವರ ಮಗ

ಪುಣೆಯ ಟಿಳಕ ರಸ್ತೆಯಲ್ಲಿ ನಿತ್ಯವೂ ಓಡಾಡುವ ನಮ್ಮ ವಾಚಕರಿಗೆ ಅಭಿನವ ಕಲಾ ಮಹಾವಿದ್ಯಾಲಯವು ಎಲ್ಲಿದೆಯೆಂಬುದನ್ನು ಹೇಳಿಕೊಡಬೇಕಾದ್ದಿಲ್ಲ. ಆ ವಿದ್ಯಾಲಯದ ಹಿಂಬದಿಯಲ್ಲಿ ಐವತ್ತು ವರ್ಷಗಳ ಹಿಂದೆ ‘ವಿಶ್ವ’ ಎಂಬ ಹೆಸರಿನ ಸಣ್ಣ ಹೋಟೆಲೊಂದಿತ್ತು. ಅದನ್ನು ನಡೆಸುತ್ತಿದ್ದವರು ಹೆಗ್ಡೆಯವರು. ಆ ಹೆಸರನ್ನು ಕೇಳಿದೊಡನೆ ನಮ್ಮವರಿಗೆ ಊರ ಕಡೆಯ ಗಾಳಿ ಬೀಸಿದಂತಾಗುವುದು ಸಹಜವೇ ಸರಿ. ವಿದ್ಯಾರ್ಥಿಗಳನ್ನೇ ನಂಬಿಕೊಂಡ ಹೋಟೆಲಿನ ವ್ಯಾಪಾರ ಎಂಥದೆಂಬುದನ್ನೂ ನಾವು ಬಲ್ಲೆವು. ನಾಲ್ವರು ಕುಳಿತರೆ ಎರಡು ಚಹಾ. ಒಂದು ಚಹಾಕ್ಕೆ ಒಂದು ಗಂಟೆಯ ಹರಟೆ. ತಿಂಗಳ ಕೊನೆಗೆ ಪುಸ್ತಕದಲ್ಲಿ ಬಾಕಿ. ತಾನು ಗಲ್ಲೆಯ ಹಿಂದೆ ಸವೆದರೂ ಮಗನು ನಾಲ್ಕಕ್ಷರ ಕಲಿತು ಮೇಲೆ ಬರಲಿ ಎಂದು ಬಯಸದ ಹೋಟೆಲಿನವನು ನಮ್ಮಲ್ಲಿ ಯಾರಿದ್ದಾನೆ? ಹೆಗ್ಡೆಯವರ ಮಗ ಪ್ರಕಾಶನು ಅದೇ ಕಲಾ ವಿದ್ಯಾಲಯದ ವಿದ್ಯಾರ್ಥಿಯಾಗಿದ್ದನು.

ಆ ಹುಡುಗನು ೧೯೭೬ರ ಜನವರಿ ೧೫ರಂದು ಹೋದವನು ಮತ್ತೆ ಮನೆಗೆ ಬರಲಿಲ್ಲ.

ಪುಣೆಯ ಜನರು ಇಂದಿಗೂ ‘ಜೋಶಿ–ಅಭ್ಯಂಕರ ಪ್ರಕರಣ’ವೆಂದು ಕರೆಯುವ ಸರಣಿ ಕೊಲೆಗಳಲ್ಲಿ ಒಟ್ಟು ಹತ್ತು ಮಂದಿ ಪ್ರಾಣ ಕಳೆದುಕೊಂಡರು. ಪ್ರಕರಣದ ಹೆಸರಿನಲ್ಲಿ ಎರಡು ಮನೆತನಗಳು ಉಳಿದುಕೊಂಡಿವೆ. ಆದರೆ ಹತ್ತರಲ್ಲಿ ಮೊದಲನೆಯವನಾದ ಹೋಟೆಲಿನ ಹುಡುಗನ ಹೆಸರು ಅದರಲ್ಲಿ ಸೇರಿಲ್ಲ. ಅದಕ್ಕೆ ಕಾರಣವೂ ಇದೆ. ಉಳಿದವರು ಸತ್ತುದನ್ನು ಊರೆಲ್ಲ ಕಂಡಿತು. ಈ ಹುಡುಗನಾದರೋ ಸತ್ತಿದ್ದಾನೆಂಬುದೇ ಹದಿನಾಲ್ಕು ತಿಂಗಳು ಲೋಕಕ್ಕೆ ತಿಳಿಯಲಿಲ್ಲ. ಇಂದು ಆ ಹಳೆಯ ಕಥೆಯನ್ನು ಮತ್ತೆ ಎತ್ತಿರುವುದು ರಕ್ತದ ವರ್ಣನೆಗಾಗಿ ಅಲ್ಲ. ಈ ಹದಿನಾಲ್ಕು ತಿಂಗಳಿನ ಸಲುವಾಗಿ.

ನಾಲ್ವರು ಸಹಪಾಠಿಗಳು

ಕೊಲೆಗಾರರು ಕಾಡಿನಿಂದ ಬಂದವರಲ್ಲ, ಹೊಟ್ಟೆಗಿಲ್ಲದವರೂ ಅಲ್ಲ. ರಾಜೇಂದ್ರ ಜಕ್ಕಲ, ದಿಲೀಪ ಸುತಾರ, ಶಾಂತಾರಾಮ ಕಾನ್ಹೋಜಿ ಜಗತಾಪ, ಮುನವ್ವರ ಹಾರುನ ಶಾಹ ಎಂಬ ಈ ನಾಲ್ವರೂ ಅಭಿನವ ಕಲಾ ಮಹಾವಿದ್ಯಾಲಯದಲ್ಲಿ ವಾಣಿಜ್ಯ ಚಿತ್ರಕಲೆಯನ್ನು ಕಲಿಯುತ್ತಿದ್ದ ತರುಣರು. ಮುಂದಾಳು ಜಕ್ಕಲ. ಕರ್ವೆ ರಸ್ತೆಯಲ್ಲಿ ಅವನದೊಂದು ತಗಡಿನ ಶೆಡ್ಡು ಇತ್ತು. ಅದೇ ಇವರ ಕೂಟದ ತಾಣ. ಕುಡಿತ, ಸಣ್ಣಪುಟ್ಟ ಕಳವು, ದುಡಿಯದೆ ದೊರಕುವ ಹಣದ ಆಸೆ ಇವು ಒಂದರ ಹಿಂದೊಂದು ಬಂದು ಇವರನ್ನು ಹಿಡಿದವು.

ಹಣ ಬೇಕೆಂದಾಗ ಇವರ ಕಣ್ಣು ಮೊದಲು ಹೋದುದು ದೂರದ ಸಾಹುಕಾರನ ಮೇಲಲ್ಲ. ದಿನವೂ ಕಾಣುವ ಹೋಟೆಲಿನವರ ಮಗನ ಮೇಲೆ. ವಿದ್ಯಾಲಯದ ಬೆನ್ನಿಗಿದ್ದ ಹೋಟೆಲಿನಲ್ಲಿ ಒಂದು ದಿನವೂ ಚಹಾ ಕುಡಿಯದ ವಿದ್ಯಾರ್ಥಿ ಇದ್ದನೆಂದು ನಂಬುವುದು ಕಷ್ಟ. ಉಂಡ ಮನೆಗೆ ಎರಡು ಬಗೆಯುವುದು ಎಂಬ ಮಾತು ನಮ್ಮಲ್ಲಿದೆಯಷ್ಟೆ. ಗಿರಾಕಿಗಳು ಎಣಿಸುವ ನೋಟುಗಳನ್ನು ಗಲ್ಲೆಯಲ್ಲಿ ನೋಡಿ, ಹೋಟೆಲಿನವನೆಂದರೆ ಹಣದ ಗಂಟೆಂದು ತಿಳಿಯುವವರು ಅಂದೂ ಇದ್ದರು, ಇಂದೂ ಇದ್ದಾರೆ. ಆ ನೋಟಿನಲ್ಲಿ ಹಾಲಿನವನ ಪಾಲೆಷ್ಟು, ಕಿರಾಣಿಯವನ ಪಾಲೆಷ್ಟು, ಬಾಡಿಗೆ ಎಷ್ಟು ಎಂಬುದು ಅವರಿಗೆ ಕಾಣುವುದಿಲ್ಲ.

ಕೆರೆಯ ತಳದ ಪೀಪಾಯಿ

ಸುಳ್ಳು ನೆಪವೊಡ್ಡಿ ಪ್ರಕಾಶನನ್ನು ಅವರು ಜಕ್ಕಲನ ಶೆಡ್ಡಿಗೆ ಕರೆದೊಯ್ದರು. ಸಹಪಾಠಿಗಳು ಕರೆದರೆಂದು ಅವನು ಹೋದನು. ಅವರೊಡನೆ ಅಂದು ಇನ್ನೊಬ್ಬ ಸಹಪಾಠಿಯೂ ಇದ್ದನು. ಅಲ್ಲಿ ಹುಡುಗನನ್ನು ಬೆದರಿಸಿ, ತಾನು ಮನೆ ಬಿಟ್ಟು ಹೋಗುತ್ತಿರುವೆನೆಂದು ತಂದೆಗೆ ಒಂದು ಚೀಟಿಯನ್ನು ಅವನ ಕೈಯಿಂದಲೇ ಬರೆಸಿಕೊಂಡರು. ರಾತ್ರಿಯಾದ ಮೇಲೆ ಬಾಯಿಗೆ ಬಟ್ಟೆ ತುರುಕಿ ಪೇಶವೆ ಪಾರ್ಕಿಗೆ ಒಯ್ದು, ನೈಲಾನ್ ಹಗ್ಗದಿಂದ ಕುತ್ತಿಗೆ ಬಿಗಿದು ಕೊಂದು, ದೇಹವನ್ನು ಕಬ್ಬಿಣದ ಪೀಪಾಯಿಯಲ್ಲಿ ಕಲ್ಲುಗಳೊಂದಿಗೆ ತುಂಬಿ ಅಲ್ಲಿಯ ಕೆರೆಯಲ್ಲಿ ಮುಳುಗಿಸಿದರು. ಮರುದಿನ ತಂದೆಗೆ ಹಣ ಕೇಳುವ ಪತ್ರವನ್ನು ಕಳುಹಿಸಿದರು. ಬಿಡಿಸಿಕೊಳ್ಳಲು ಮಗನು ಉಳಿದಿರಲಿಲ್ಲ.

ವಾಚಕರು ಆ ಚೀಟಿಯ ಸಂಗತಿಯನ್ನು ಗಮನಿಸಬೇಕು. ಈ ಪ್ರಕರಣದಲ್ಲಿ ಹಗ್ಗಕ್ಕಿಂತಲೂ ಕ್ರೂರವಾದ ಆಯುಧ ಯಾವುದಾದರೂ ಇದ್ದರೆ ಅದೇ. ಕೊಲೆಗಾರನಿಗೆ ಮೊದಲು ಬೇಕಾದುದು ಹೊತ್ತು. ಹುಡುಕುವವರು ಹುಡುಕುವುದಕ್ಕೆ ಮುಂಚೆ ಕೈ ತೊಳೆದುಕೊಳ್ಳುವಷ್ಟು ಹೊತ್ತು. ಕಾಣೆಯಾದವನು ತಾನಾಗಿ ಹೋಗಿದ್ದಾನೆಂದು ಲೋಕವು ನಂಬಿದರೆ ಆ ಹೊತ್ತು ಅವನಿಗೆ ಪುಕ್ಕಟೆಯಾಗಿ ದೊರಕುತ್ತದೆ. ಚೀಟಿಯಲ್ಲಿ ಇರುವುದು ಮಗನದೇ ಅಕ್ಷರ. ಅದನ್ನು ಬರೆದಾಗ ಅವನ ಎದುರಿಗೆ ಯಾರು ನಿಂತಿದ್ದರೆಂಬುದನ್ನು ಅಕ್ಷರವು ಹೇಳುವುದಿಲ್ಲ.

ಕದ ತೆರೆದ ಮನೆಗಳು

ಒಂದು ಕೊಲೆಯು ದಕ್ಕಿದ ಮೇಲೆ ಮುಂದಿನವು ಸುಲಭವೆಂದು ಅವರಿಗೆ ತೋರಿರಬೇಕು. ೧೯೭೬ರ ಅಕ್ಟೋಬರ ೩೧ರಂದು ವಿಜಯನಗರ ಕಾಲನಿಯ ಜೋಶಿಯವರ ಮನೆಗೆ ನುಗ್ಗಿ ದಂಪತಿಗಳನ್ನು ಕೈಕಾಲು ಕಟ್ಟಿ ಕೊಂದರು. ಅಷ್ಟರಲ್ಲಿ ಮನೆಗೆ ಬಂದ ಮಗನನ್ನೂ ಉಳಿಸಲಿಲ್ಲ. ಒಂದು ಮಂಗಳಸೂತ್ರ, ಒಂದು ಗಡಿಯಾರ, ಕೆಲವು ಸಾವಿರ ರೂಪಾಯಿ. ಮೂರು ಜೀವಗಳಿಗೆ ದೊರೆತ ಬೆಲೆ ಇಷ್ಟೇ.

ನವೆಂಬರ ೨೨ರಂದು ಶಂಕರಶೇಟ ರಸ್ತೆಯ ಒಂದು ಬಂಗಲೆಯನ್ನು ಹೊಕ್ಕರು. ಅಲ್ಲಿ ಮನೆಯ ಹೆಂಗಸೂ ಇಬ್ಬರು ಆಳುಗಳೂ ಅಂಜದೆ ತಿರುಗಿಬಿದ್ದರು. ಕೊಲ್ಲಲು ಬಂದವರು ಬೇಲಿ ಹಾರಿ ಓಡಿದರು. ಇಂಥವರ ಶೌರ್ಯವೆಲ್ಲವೂ ಕೈಕಾಲು ಕಟ್ಟಿಸಿಕೊಂಡವರ ಮುಂದೆಯೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅದಾದ ಒಂಬತ್ತೇ ದಿನಗಳಲ್ಲಿ, ಡಿಸೆಂಬರ ೧ರಂದು, ಭಾಂಡಾರಕರ ರಸ್ತೆಯ ‘ಸ್ಮೃತಿ’ ಬಂಗಲೆಯ ಗಂಟೆಯನ್ನು ಒತ್ತಿದರು. ಅದು ಸಂಸ್ಕೃತ ವ್ಯಾಕರಣದ ಮಹಾಪಂಡಿತರಾದ ಕಾಶಿನಾಥ ಶಾಸ್ತ್ರಿ ಅಭ್ಯಂಕರರ ಮನೆ. ಮಹಾಮಹೋಪಾಧ್ಯಾಯ ವಾಸುದೇವ ಶಾಸ್ತ್ರಿಗಳ ಮಗನಾದ ಇವರು ಸಂಸ್ಕೃತ ವ್ಯಾಕರಣದ ಪಾರಿಭಾಷಿಕ ಶಬ್ದಗಳಿಗೆ ಒಂದು ಕೋಶವನ್ನೇ ರಚಿಸಿದವರು. ಎಂಬತ್ತು ದಾಟಿದ ಆ ವೃದ್ಧ ವಿದ್ವಾಂಸರು, ಅವರ ಧರ್ಮಪತ್ನಿ, ಮೊಮ್ಮಗಳು, ಮೊಮ್ಮಗ, ಮನೆಗೆಲಸದ ಮುದುಕಿ ಹೀಗೆ ಐದು ಜನರು ಒಂದೇ ರಾತ್ರಿ ಹೆಣವಾದರು. ಮನೆಗೆಲಸದವಳನ್ನು ಕೊಂದರೆ ಏನು ದೊರಕೀತು? ಆದರೂ ಬಿಡಲಿಲ್ಲ. ಕಂಡವರು ಯಾರೂ ಉಳಿಯಬಾರದೆಂಬುದೇ ಅವರ ಲೆಕ್ಕವಾಗಿತ್ತು.

ಹೊತ್ತು ಮುಳುಗುವ ಮುಂಚೆ ಮುಚ್ಚಿದ ಊರು

ನಾನು ಅಂದು ಹುಟ್ಟಿರಲಿಲ್ಲ. ಆದರೆ ಹೋಟೆಲಿನಲ್ಲಿ ಕೆಲಸಕ್ಕೆ ನಿಂತ ಹೊಸತರಲ್ಲಿ, ಕದ ಹಾಕಿದ ಮೇಲೆ ಹಿರಿಯ ಭಟ್ಟರು ಅಡಿಗೆಮನೆಯಲ್ಲಿ ಕುಳಿತು ಆ ಚಳಿಗಾಲದ ಕಥೆಯನ್ನು ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಸಂಜೆಯ ದೀಪ ಹಚ್ಚುವ ಹೊತ್ತಿಗೆ ಬೀದಿಗಳು ಬರಿದಾಗುತ್ತಿದ್ದವಂತೆ. ರಾತ್ರಿ ಊಟದ ಗಿರಾಕಿಗಳು ನಿಂತೇಹೋದರಂತೆ. ರಾತ್ರಿಶಾಲೆಗೆ ಹೋಗುತ್ತಿದ್ದ ಮಾಣಿಗಳು ಒಬ್ಬೊಬ್ಬರಾಗಿ ಹೋಗದೆ ಆರೇಳು ಜನ ಕೂಡಿ, ಕೈಯಲ್ಲಿ ದೊಣ್ಣೆ ಹಿಡಿದು ಹೋಗುತ್ತಿದ್ದರಂತೆ. ಕಾಲವೂ ಅಂಥದೇ. ೧೯೭೫ರ ಜೂನಿನಿಂದ ದೇಶದಲ್ಲಿ ತುರ್ತು ಪರಿಸ್ಥಿತಿ ಜಾರಿಯಲ್ಲಿತ್ತು. ಪತ್ರಿಕೆಗಳ ಮೇಲೆ ನಿರ್ಬಂಧವಿತ್ತು. ಸುದ್ದಿ ಬಾರದಲ್ಲಿ ವದಂತಿಯು ಬೆಳೆಯುವುದು ಲೋಕರೂಢಿ.

ಇದಕ್ಕೆ ಎಂಟು ವರ್ಷ ಮೊದಲು, ೧೯೬೮ರಲ್ಲಿ, ಮುಂಬಯಿಯವರು ಇಂಥದೇ ಭಯವನ್ನು ಉಂಡಿದ್ದರು. ರಮಣ ರಾಘವನೆಂಬವನು ಫುಟ್‌ಪಾತಿನಲ್ಲಿಯೂ ಜೋಪಡಿಗಳಲ್ಲಿಯೂ ಮಲಗಿದ ಬಡವರನ್ನು ನಿದ್ದೆಯಲ್ಲಿಯೇ ಹೊಡೆದು ಕೊಂದನು. ಅವನು ಮತಿ ಕೆಟ್ಟವನೆಂದು ವೈದ್ಯರು ಕಂಡುದರಿಂದ ಅವನ ಮರಣದಂಡನೆಯು ಜೀವಾವಧಿಯಾಗಿ ಬದಲಾಗಿ, ಅವನು ೧೯೯೫ರಲ್ಲಿ ಇದೇ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಸತ್ತನು. ಅವನಿಂದ ಪಾರಾಗಲು ಒಂದು ಗಟ್ಟಿ ಬಾಗಿಲಿದ್ದರೆ ಸಾಕಾಗಿತ್ತು. ಪುಣೆಯ ನಾಲ್ವರಾದರೋ ಬಾಗಿಲನ್ನು ಒಡೆಯಲೇ ಇಲ್ಲ. ಹೆಗ್ಡೆಯವರ ಮಗನನ್ನು ಸ್ನೇಹದ ಮಾತಿನಿಂದ ಕರೆದರು. ಅಭ್ಯಂಕರರ ಮನೆಯಲ್ಲಿ ಗಂಟೆಯನ್ನು ಒತ್ತಿ ನಿಂತರು.

ನೈಲಾನ್ ಹಗ್ಗದ ಗಂಟು

ಹತ್ತನೆಯ ಕೊಲೆಯೇ ಅವರ ಕೊರಳಿಗೆ ಸುತ್ತಿಕೊಂಡಿತು. ತುರ್ತು ಪರಿಸ್ಥಿತಿಯು ೧೯೭೭ರ ಮಾರ್ಚ ೨೧ರಂದು ತೆರವಾಯಿತು. ಎರಡೇ ದಿನಗಳ ಮೇಲೆ, ಮಾರ್ಚ ೨೩ರಂದು, ವಿದ್ಯಾಲಯದ ತಮ್ಮ ಗೆಳೆಯನೊಬ್ಬನ ತಮ್ಮನಾದ ಅನಿಲ ಗೋಖಲೆ ಎಂಬ ತರುಣನನ್ನು ಅಲಕಾ ಟಾಕೀಜಿನ ಬಳಿಯಿಂದ ಮೋಟಾರು ಸೈಕಲಿನಲ್ಲಿ ಬಿಡುವುದಾಗಿ ಹೇಳಿ ಅದೇ ಶೆಡ್ಡಿಗೆ ಒಯ್ದರು. ಅಲ್ಲಿ ಅದೇ ಹಗ್ಗ, ಅದೇ ರೀತಿ. ದೇಹವನ್ನು ಕಬ್ಬಿಣದ ಏಣಿಗೆ ಕಟ್ಟಿ, ಕಲ್ಲು ಹೇರಿ, ಬಂಡ್ ಗಾರ್ಡನ್ನಿನ ಬಳಿ ಮುಳಾ–ಮುಠಾ ನದಿಗೆ ಎಸೆದರು. ಕೆರೆಯು ಹದಿನಾಲ್ಕು ತಿಂಗಳು ಬಚ್ಚಿಟ್ಟುದನ್ನು ಹೊಳೆಯು ಒಂದು ದಿನವೂ ಬಚ್ಚಿಡಲಿಲ್ಲ. ಮಾರ್ಚ ೨೪ರ ಸಂಜೆ ಯರವಡೆಯ ಬಳಿ ಹೆಣ ತೇಲಿತು.

ಸಹಾಯಕ ಪೋಲೀಸ್ ಕಮಿಶನರರಾದ ಮಧುಸೂದನ ಹುಲ್ಯಾಳಕರರ ನೇತೃತ್ವದ ಪೋಲೀಸರ ತಂಡವು ಆ ಹಗ್ಗವನ್ನು ಕಣ್ಣಿಟ್ಟು ನೋಡಿತು. ಜೋಶಿಯವರ ಮನೆಯಲ್ಲಿ ಕಂಡ, ಅಭ್ಯಂಕರರ ಮನೆಯಲ್ಲಿ ಕಂಡ ನೈಲಾನ್ ಹಗ್ಗವೇ ಇಲ್ಲಿಯೂ ಕಾಣಿಸಿತು. ಮೂರು ಬೇರೆ ಬೇರೆ ಕೊಲೆಗಳೆಂದುಕೊಂಡದ್ದು ಒಂದೇ ಕೈಯ ಕೆಲಸವೆಂದು ಗೊತ್ತಾಯಿತು. ಅನಿಲನ ಪರಿಚಿತರನ್ನು ವಿಚಾರಿಸುತ್ತ ಹೋದಾಗ ಈ ನಾಲ್ವರ ಮಾತು ಒಬ್ಬರದಕ್ಕೆ ಒಬ್ಬರದು ತಾಳೆಯಾಗಲಿಲ್ಲ. ಆಗ ಹಳೆಯ ಸಹಪಾಠಿಯೊಬ್ಬನು ಬಾಯಿಬಿಟ್ಟನು. ಪ್ರಕಾಶನನ್ನು ಒಯ್ದ ದಿನ ಜೊತೆಗಿದ್ದವನೇ ಅವನು. ಮಾರ್ಚ ೩೦ರಂದು ನಾಲ್ವರೂ ದಸ್ತಗಿರಿಯಾದರು.

ಪೇಶವೆ ಪಾರ್ಕಿನ ಕೆರೆಯಿಂದ ಪೀಪಾಯಿಯನ್ನು ಮೇಲೆತ್ತಿದಾಗ ಅದರಲ್ಲಿ ಉಳಿದಿದ್ದುದು ಮೂಳೆಗಳು ಮಾತ್ರ. ಅದೇ ಕೆರೆಯ ದಂಡೆಯಲ್ಲಿ ಹದಿನಾಲ್ಕು ತಿಂಗಳು ಮಕ್ಕಳು ಆಡಿದ್ದವು, ಜನರು ಗಾಳಿ ಸೇವಿಸಿದ್ದರು. ಹೋಟೆಲಿನಿಂದ ಆ ಕೆರೆಗೆ ಕಾಲುನಡಿಗೆಯ ದಾರಿ.

ನ್ಯಾಯಾಲಯದ ಮುಂದೆ

೧೯೭೮ರ ಮೇ ೧೫ರಂದು ವಿಚಾರಣೆಯು ಆರಂಭವಾಯಿತು. ಆ ಸಹಪಾಠಿಯು ಮಾಫಿ ಸಾಕ್ಷಿಯಾಗಿ ನಿಂತನು. ಸೆಪ್ಟೆಂಬರ ೨೮ರಂದು ನಾಲ್ವರಿಗೂ ಗಲ್ಲಿನ ಶಿಕ್ಷೆಯಾಯಿತು. ೧೯೭೯ರ ಏಪ್ರಿಲಿನಲ್ಲಿ ಮುಂಬಯಿಯ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ೧೯೮೦ರ ನವೆಂಬರದಲ್ಲಿ ಸುಪ್ರೀಮ್ ಕೋರ್ಟು ಅಪೀಲನ್ನು ತಳ್ಳಿಹಾಕಿತು. ರಾಷ್ಟ್ರಪತಿಗಳ ಬಳಿ ಹೋದ ದಯಾಭಿಕ್ಷೆಯೂ ಫಲಿಸಲಿಲ್ಲ. ೧೯೮೩ರ ನವೆಂಬರದಲ್ಲಿ ಯರವಡೆಯ ಸೆರೆಮನೆಯಲ್ಲಿ ನಾಲ್ವರನ್ನೂ ಗಲ್ಲಿಗೇರಿಸಲಾಯಿತು. ಅವರಲ್ಲೊಬ್ಬನಾದ ಮುನವ್ವರ ಶಾಹನು ಸೆರೆಮನೆಯಲ್ಲಿದ್ದಾಗ ತನ್ನ ತಪ್ಪನ್ನು ಒಪ್ಪಿಕೊಂಡು ಒಂದು ಪುಸ್ತಕವನ್ನೇ ಬರೆದನು. ಕೊಂದವನ ಪುಸ್ತಕ ಉಳಿಯಿತು, ಸತ್ತವರು ಬರೆಯಲಾರರು.

ಅಪರಾಧಿಗಳಿಗೆ ಶಿಕ್ಷೆಯಾಯಿತೆಂದು ಇಲ್ಲಿಗೇ ಪತ್ರಿಕೆಯನ್ನು ಮಡಿಸಿಡಬಹುದು. ಆದರೆ ಆ ಚೀಟಿಯ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಮೂವತ್ತು ವರ್ಷಗಳ ಮೇಲೆ ನಮ್ಮ ಊರ ಕಡೆಯಲ್ಲಿಯೇ ಅದು ಬೇರೆ ರೂಪದಲ್ಲಿ ಮರಳಿ ಬಂದಿತು.

ಕರಾವಳಿಯಲ್ಲಿ ಅದೇ ನೆಪ

ಬಂಟ್ವಾಳ ತಾಲೂಕಿನ ಮೋಹನ ಕುಮಾರನೆಂಬ ಪ್ರಾಥಮಿಕ ಶಾಲೆಯ ಮಾಸ್ತರನು ೨೦೦೩ರಿಂದ ೨೦೦೯ರವರೆಗೆ ಬಡ ಮನೆಗಳ ಹೆಣ್ಣುಮಕ್ಕಳಿಗೆ ವರದಕ್ಷಿಣೆಯಿಲ್ಲದೆ ಮದುವೆಯಾಗುವೆನೆಂದು ಹೇಳಿ, ಮನೆಯವರಿಗೆ ತಿಳಿಸದೆ ಒಡವೆ ತೊಟ್ಟು ಬರುವಂತೆ ಮಾಡಿ, ದೂರದ ಊರುಗಳ ವಸತಿಗೃಹಗಳಿಗೆ ಒಯ್ಯುತ್ತಿದ್ದನು. ಮರುದಿನ ಬಸ್ ನಿಲ್ದಾಣದಲ್ಲಿ ಗರ್ಭ ನಿಲ್ಲದಿರಲು ಔಷಧವೆಂದು ಸಯನೈಡ್ ಕೊಡುತ್ತಿದ್ದನು. ಆಕೆ ನಿಲ್ದಾಣದ ಶೌಚಗೃಹದಲ್ಲಿ ಸಾಯುತ್ತಿದ್ದಳು. ಇವನು ಕೋಣೆಗೆ ಹೋಗಿ ಒಡವೆಗಳನ್ನು ಎತ್ತಿಕೊಳ್ಳುತ್ತಿದ್ದನು. ಇಪ್ಪತ್ತು ಹೆಣ್ಣುಮಕ್ಕಳ ಕೊಲೆಗಳಲ್ಲಿ ಅವನ ಅಪರಾಧವು ಮಂಗಳೂರಿನ ನ್ಯಾಯಾಲಯದಲ್ಲಿ ೨೦೧೩ರಿಂದ ೨೦೨೦ರವರೆಗೆ ಒಂದೊಂದಾಗಿ ಸಿದ್ಧವಾಯಿತು.

ಆರು ವರ್ಷ ಅವನು ಸಿಕ್ಕಿಬೀಳದೆ ಉಳಿದುದು ಹೇಗೆ? ಹೆಣ ಸಿಕ್ಕ ಊರಿನಲ್ಲಿ ಅದು ಗುರುತಿಲ್ಲದ ಹೆಣ. ಹುಟ್ಟಿದ ಊರಿನಲ್ಲಿ ಆಕೆ ‘ಯಾರೊಡನೆಯೋ ಓಡಿಹೋದವಳು’. ಮಾನಕ್ಕೆ ಅಂಜಿದ ಮನೆಯವರು ಬಾಯಿ ಮುಚ್ಚಿಕೊಂಡರು. ಪುಣೆಯ ಕೊಲೆಗಾರರು ಚೀಟಿಯನ್ನು ಬೆದರಿಸಿ ಬರೆಸಬೇಕಾಯಿತು. ಇವನಿಗೆ ಆ ಶ್ರಮವೂ ಬೇಕಾಗಲಿಲ್ಲ. ಆ ಚೀಟಿಯನ್ನು ಊರವರೇ ಬರೆದುಕೊಟ್ಟರು. ೨೦೦೯ರಲ್ಲಿ ಕಾಣೆಯಾದ ಒಬ್ಬಳ ಕಡೆಯವರು ಮಾತ್ರ ಸುಮ್ಮನಾಗದೆ, ಗುಂಪುಗೂಡಿ ಪೋಲೀಸರನ್ನು ಒತ್ತಾಯಿಸಿದರು. ಟೆಲಿಫೋನ್ ಕರೆಗಳ ಜಾಡು ಹಿಡಿದ ಪೋಲೀಸರು ಆ ವರ್ಷದ ಅಕ್ಟೋಬರದಲ್ಲಿ ಅವನನ್ನು ಹಿಡಿದರು. ಒಂದು ಮನೆಯವರು ಹಟ ಹಿಡಿದುದರಿಂದ ಇಪ್ಪತ್ತು ಮನೆಗಳಿಗೆ ಉತ್ತರ ದೊರೆಯಿತು.

ಮೊಳೆಗೆ ತೂಗಿದ ಚೀಲ

ಇನ್ನು ನನ್ನದೇ ಒಂದು ತಪ್ಪನ್ನು ವಾಚಕರ ಮುಂದೆ ಹೇಳಿಕೊಳ್ಳಬೇಕು. ಪತ್ರಿಕೆಗೆ ಬರುವ ಮೊದಲು ನಾನು ಪುಣೆಯಲ್ಲಿ ಹೋಟೆಲು ನಡೆಸುತ್ತಿದ್ದೆನು. ಕುಂದಾಪುರದ ಕಡೆಯ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ನಮ್ಮಲ್ಲಿ ಸಪ್ಲಾಯರನಾಗಿದ್ದನು. ಒಂದು ಸೋಮವಾರ ಅವನು ಕೆಲಸಕ್ಕೆ ಬರಲಿಲ್ಲ. “ಊರಿಗೆ ಹೋಗುತ್ತೇನೆಂದು ಹೇಳುತ್ತಿದ್ದ” ಎಂದು ಯಾರೋ ಅಂದರು. “ಬೇರೆ ಹೋಟೆಲಿಗೆ ಹೆಚ್ಚು ಸಂಬಳಕ್ಕೆ ಹೋಗಿರಬೇಕು” ಎಂದು ಇನ್ನೊಬ್ಬರು ಅಂದರು. ನಾನು ಮುನಿಸಿನಿಂದ ಅವನ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಿ, ಬೇರೊಬ್ಬನನ್ನು ಇಟ್ಟುಕೊಂಡೆನು. ನಮ್ಮ ವ್ಯವಸಾಯದಲ್ಲಿ ಇದು ನಿತ್ಯದ ಮಾತು. ಬರುವವರು ಬರುತ್ತಾರೆ, ಹೋಗುವವರು ಹೋಗುತ್ತಾರೆ.

ಒಂಬತ್ತನೆಯ ದಿನ ಅವನ ತಾಯಿಯ ಫೋನು ಬಂದಿತು. ಮಗ ಊರಿಗೆ ಬಂದಿರಲಿಲ್ಲ. ಆಕೆ ಅಳಲಿಲ್ಲ, ಬಯ್ಯಲಿಲ್ಲ. ಒಂದೇ ಮಾತು ಕೇಳಿದಳು: “ಧನಿಗಳೇ, ಅವನ ಬಟ್ಟೆಯ ಚೀಲ ಅಲ್ಲೇ ಉಂಟಾ?”

ಮಾಳಿಗೆಗೆ ಹೋಗಿ ನೋಡಿದೆನು. ಚೀಲವು ಮೊಳೆಯಲ್ಲಿಯೇ ತೂಗುತ್ತಿತ್ತು. ಒಳಗೆ ಎರಡು ಜೊತೆ ಬಟ್ಟೆ, ಬ್ಯಾಂಕಿನ ಪುಸ್ತಕ, ತಂಗಿಗೆಂದು ಕೊಂಡ ಬಳೆಗಳ ಪೊಟ್ಟಣ. ಊರಿಗೆ ಹೋಗುವವನು ಚೀಲವನ್ನು ಬಿಟ್ಟು ಹೋಗುತ್ತಾನೆಯೆ? ಅದರ ಕೆಳಗೆ ಒಂಬತ್ತು ರಾತ್ರಿ ನಮ್ಮ ಹುಡುಗರು ಮಲಗಿದ್ದರು. ಒಬ್ಬರೂ ತಲೆಯೆತ್ತಿ ನೋಡಿರಲಿಲ್ಲ. ನೋಡಬೇಕಾದವನು ನಾನು, ನಾನೂ ನೋಡಿರಲಿಲ್ಲ. ಅಂದೇ ಪೋಲೀಸ್ ಠಾಣೆಗೆ ಓಡಿದೆವು. ವಾಹನ ಬಡಿದು ಕಾಲು ಮುರಿದು, ಪ್ರಜ್ಞೆಯಿಲ್ಲದೆ, ಹೆಸರಿಲ್ಲದವನಾಗಿ ಅವನು ಒಂದು ಆಸ್ಪತ್ರೆಯಲ್ಲಿ ಬಿದ್ದಿದ್ದನು. ದೇವರ ದಯೆಯಿಂದ ಬದುಕಿಕೊಂಡನು. ಆದರೆ ಆ ಒಂಬತ್ತು ದಿನ ಅವನ ಪಾಲಿಗೆ ಯಾರೂ ಇರಲಿಲ್ಲ. ನಾನು ಗಲ್ಲೆಯಲ್ಲಿ ಕುಳಿತು ಚಿಲ್ಲರೆ ಎಣಿಸುತ್ತಿದ್ದೆನು.

ಅಂದಿನಿಂದ ‘ಓಡಿಹೋದ’ ಎಂಬ ಮಾತನ್ನು ಕೇಳಿದರೆ ನನಗೆ ಕೆರೆಯ ತಳದ ಪೀಪಾಯಿ ನೆನಪಾಗುತ್ತದೆ. ಕಾಣೆಯಾದವರೆಲ್ಲರೂ ಕೊಲೆಯಾಗುವುದಿಲ್ಲ; ನೂರರಲ್ಲಿ ತೊಂಬತ್ತೊಂಬತ್ತು ಮಂದಿ ನಗುತ್ತ ತಿರುಗಿ ಬಂದಾರು. ಹುಡುಕುವುದು ನೂರನೆಯವನ ಸಲುವಾಗಿ.

ಆದುದರಿಂದ ನಮ್ಮ ಹೋಟೆಲು ಬಂಧುಗಳಲ್ಲಿಯೂ, ಖೋಲಿಗಳಲ್ಲಿ ಕೂಡಿ ವಾಸಿಸುವ ಗುಮಾಸ್ತ ಬಂಧುಗಳಲ್ಲಿಯೂ ಒಂದು ವಿಜ್ಞಾಪನೆ. ಜೊತೆಯವನು ಹೇಳದೆ ಕಾಣೆಯಾದರೆ ಮೊದಲು ಅವನ ಚೀಲವನ್ನು ನೋಡಿರಿ. ಆಮೇಲೆ ಊರಿಗೆ ಫೋನು ಮಾಡಿರಿ. ಇಪ್ಪತ್ತನಾಲ್ಕು ಗಂಟೆ ಕಾಯಬೇಕೆಂಬ ಕಾಯದೆ ಯಾವುದೂ ಇಲ್ಲ. ಸಂಶಯ ಬಂದ ಗಳಿಗೆಯಲ್ಲಿಯೇ ಠಾಣೆಯಲ್ಲಿ ದೂರು ಬರೆಸಿ, ಅದರ ಪ್ರತಿಯನ್ನು ಕೇಳಿ ಪಡೆಯಿರಿ. ತುರ್ತಿಗೆ ೧೧೨ ಎಂಬ ನಂಬರಿದೆ. ಮಕ್ಕಳ ವಿಷಯವಾದರೆ ೧೦೯೮. ಹದಿನೆಂಟು ತುಂಬದವರು ಕಾಣೆಯಾದರೆ ಅಪಹರಣವೆಂದೇ ತಿಳಿದು ಮೊಕದ್ದಮೆ ದಾಖಲಿಸಬೇಕೆಂದು ೨೦೧೩ರಲ್ಲಿ ಸುಪ್ರೀಮ್ ಕೋರ್ಟು ಹೇಳಿದೆ. ಹೋಟೆಲಿನ ಧನಿಗಳು ಪ್ರತಿಯೊಬ್ಬ ಕೆಲಸಗಾರನ ಭಾವಚಿತ್ರ, ಊರಿನ ವಿಳಾಸ, ಮನೆಯವರ ನಂಬರು ಇವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಅರ್ಧ ಗಂಟೆಯ ಕೆಲಸ. ಮತ್ತು ಚೀಟಿಯೇ ಸಿಕ್ಕಿದರೂ, ಸಂದೇಶವೇ ಬಂದರೂ, ಅವನ ಧ್ವನಿಯನ್ನು ಕಿವಿಯಿಂದ ಕೇಳುವವರೆಗೆ ನಂಬಬೇಡಿರಿ.

ನಾವೆಲ್ಲರೂ ಒಂದು ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಈ ಊರಿಗೆ ಬಂದವರು. ಇಂದು ರಾತ್ರಿ ಕದ ಹಾಕಿದ ಮೇಲೆ, ದೀಪ ಆರಿಸುವ ಮುಂಚೆ, ಮೊಳೆಗಳಲ್ಲಿ ಎಷ್ಟು ಚೀಲಗಳಿವೆ, ಕೆಳಗೆ ಎಷ್ಟು ಜನ ಮಲಗಿದ್ದಾರೆ ಎಂದು ಒಮ್ಮೆ ಎಣಿಸಿ ನೋಡಿರಿ.